ಆಯಸ್ಕಾಂತಕ್ಕೆ ಅಂಟುವ ಕೇಬಲ್

ಉಪಗ್ರಹ ಅಷ್ಟು ಸಾವಿರ ಮೈಲಿ ದೂರದಿಂದ ಸಿಗ್ನಲ್ ಕಳಿಸುತ್ತೆ, ಒಂದು ದಿನವೂ ತಕರಾರು ಮಾಡಲ್ಲ. ತಕರಾರೆಲ್ಲ ತಾರಸಿಯಿಂದ ಟಿವಿಗೆ ಬರೋ ಆ ನಾಲ್ಕು ಮಾರು ಕೇಬಲ್‌ನಲ್ಲೇ. ಗಾಂಧಿ ಬಜಾರ್ ಪಕ್ಕದ ಓಣಿಯಲ್ಲಿ ಡಿಶ್ ಅಂಗಡಿ ಇಟ್ಟುಕೊಂಡು ಶಿವಮೊಗ್ಗ, ಭದ್ರಾವತಿಯ ತಾರಸಿಗಳನ್ನೆಲ್ಲ ಹತ್ತಿ ಇಳಿದವನು ನಾನು. ವಾರಕ್ಕೊಂದಾದರೂ ಇಂಥದ್ದು ಆಗದಿದ್ದರೆ ನನಗೇ ಏನೋ ಕಳಕೊಂಡ ಹಾಗಿರುತ್ತೆ.

ಕರಿ ಕೇಬಲ್

ರಾಗಿಗುಡ್ಡದಲ್ಲಿ ಒಬ್ಬ ಮೇಷ್ಟ್ರು ಹೊಸ ಮನೆ ಕಟ್ಟಿಸಿದ್ದರು. ಹೊರಗಡೆಗೆ ಕಪ್ಪು ಕೇಬಲ್ಲೇ ಹಾಕಬೇಕು, ಬಿಳೀದು ಎರಡು ಬೇಸಿಗೆಗೆ ಬಿರುಕು ಬಿಟ್ಟು ನೀರು ಕುಡಿಯುತ್ತೆ ಅಂದೆ. ಗೃಹಪ್ರವೇಶ ಆಗಿ ಇನ್ನೂ ಹದಿನೈದು ದಿನ ಆಗಿಲ್ಲ, ಕಪ್ಪು ಬಣ್ಣ ಮನೆ ಮೇಲೆ ಹತ್ತಲೇಬಾರದು ಅಂತ ಅವರ ಹಟ. ಅರ್ಧ ಗಂಟೆ ಗಂಟಲು ಹರಕೊಂಡೆ. ಕೊನೆಗೆ ಬೇಜಾರಾಗಿ, "ದೃಷ್ಟಿ ದಾರ ಅಂತ ತಿಳ್ಕೊಳ್ಳಿ ಸಾರ್, ಅದೂ ಕಪ್ಪೇ ಅಲ್ವಾ" ಅಂದುಬಿಟ್ಟೆ.

ಮೇಷ್ಟ್ರ ಮುಖ ಅರಳಿತು. ಹಾಗಾದರೆ ಮನೆ ಸುತ್ತ ಮೂರು ಸುತ್ತು ಹಾಕಿ ಅಂದರು. ಒಂದು ಸುತ್ತಿಗೆ ಒಪ್ಪಿಸೋ ಹೊತ್ತಿಗೆ ಸಾಕಾಯ್ತು. ಮಾರನೇ ವಾರ ಅದೇ ಬೀದಿಯ ಇಬ್ಬರು ಕರಿ ಕೇಬಲ್ ಕೇಳಿಕೊಂಡು ಅಂಗಡಿಗೆ ಬಂದರು. ಅದರಲ್ಲಿ ಒಬ್ಬರ ಮನೆಯಲ್ಲಿ ಟಿವಿಯೇ ಇಲ್ಲ.

ಒಂದು ಹನಿಯೂ ಬಿದ್ದಿಲ್ಲ

ಸೋಗಾನೆ ಕಡೆಯ ಒಬ್ಬರಿಗೆ ಒಂದೇ ಮಾತು ಹೇಳಿ ಬಂದಿದ್ದೆ. ಡಿಶ್ಶಿನ ಮೂತಿಯ ಹತ್ತಿರ ಕೇಬಲ್ ಸೇರೋ ಕನೆಕ್ಟರ್ ಇದೆಯಲ್ಲ, ಅದರೊಳಗೆ ಮಳೆನೀರು ಹೋಗಬಾರದು, ರಬ್ಬರ್ ಟೋಪಿ ತೆಗೀಬೇಡಿ ಅಂತ. ಮಳೆಗಾಲ ಶುರುವಾಗ್ತಿದ್ದ ಹಾಗೆ ಟಿವಿ ಬರ್ತಿಲ್ಲ ಅಂತ ಫೋನು. ಹೋಗಿ ನೋಡಿದರೆ ಪುಣ್ಯಾತ್ಮ ಇಡೀ ಡಿಶ್ಶಿಗೇ ನಾಲ್ಕು ಕಂಬ ನೆಟ್ಟು, ತಗಡಿನ ಮಾಡು ಹಾಕಿಸಿ, ಆಕಾಶದ ಕಡೆ ಪೂರ್ತಿ ಮುಚ್ಚಿಸಿದ್ದಾನೆ.

"ಒಂದು ಹನಿ ಬಿದ್ದಿದ್ರೆ ಕೇಳಿ" ಅಂದ. ಸಿಗ್ನಲ್ಲೂ ಬಿದ್ದಿರಲಿಲ್ಲ.

ನಮ್ಮ ಮಾವನವರ ಪರೀಕ್ಷೆ

ಊರವರನ್ನೆಲ್ಲ ಆಡಿಕೊಳ್ಳೋ ನನಗೆ ದೇವರು ಮಾವನ ಮನೆಯನ್ನು ಭದ್ರಾವತಿಯಲ್ಲಿ ಕೊಟ್ಟ. ಮಾವನವರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಂಗಿ ಜೇಬಲ್ಲಿ ಸದಾ ಹಳೇ ಸ್ಪೀಕರಿನದೊಂದು ಆಯಸ್ಕಾಂತ. ಅದಕ್ಕೆ ಅಂಟಿದರೆ ವಸ್ತು ಅಸಲಿ, ಅಂಟದಿದ್ದರೆ ಲೊಟ್ಟೆ.

ಕೇಬಲ್ ಆರಿಸೋವಾಗ ನಾವೂ ಆಯಸ್ಕಾಂತ ಹಿಡೀತೀವಿ, ಆದರೆ ಉಲ್ಟಾ. ಒಳಗಿನ ತಂತಿ ಅಂಟಿದರೆ ಅದು ಉಕ್ಕಿಗೆ ತಾಮ್ರ ಬಳಿದದ್ದು, ಅಂಟದಿದ್ದರೆ ಅಪ್ಪಟ ತಾಮ್ರ. ಅವರ ಮನೆಗೆ ತೆಂಗಿನ ಮರ ಅಡ್ಡ ಇದ್ದದ್ದರಿಂದ ಡಿಶ್ಶನ್ನು ಬೀದಿ ಕೊನೆಯ ಮೂರಂತಸ್ತಿನ ಮನೆ ಮೇಲೆ ಕೂರಿಸಬೇಕಿತ್ತು. ಡಿಶ್ಶಿಗೆ ಬೇಕಾದ ಕರೆಂಟೂ ಇದೇ ಕೇಬಲ್‌ನಲ್ಲಿ ಮೇಲೆ ಹೋಗಬೇಕು, ಅಷ್ಟುದ್ದ ಹೋಗೋದಕ್ಕೆ ತಾಮ್ರವೇ ಆಗಬೇಕು ಅಂದೆ. ಮಾವನವರು ನಾನು ತಂದ ತಾಮ್ರದ ತಂತಿಗೆ ಆಯಸ್ಕಾಂತ ಹಿಡಿದರು. ಅಂಟಲಿಲ್ಲ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು, ಮಗಳನ್ನು ಕೊಟ್ಟು ತಪ್ಪು ಮಾಡಿದೆನಾ ಅನ್ನೋ ಹಾಗೆ. ಆಮೇಲೆ ತಾವೇ ಪೇಟೆಗೆ ಹೋಗಿ, ಚಟ್ ಅಂತ ಅಂಟೋದನ್ನೇ ಒಂದು ದೊಡ್ಡ ಸುರುಳಿ ತಂದರು. ಅಳಿಯ ಎಷ್ಟು ಅಂತ ವಾದ ಮಾಡೋದು? ಬಾಯಿ ಮುಚ್ಚಿಕೊಂಡು ಎಳೆದೆ.

ಜಮಖಾನದೊಳಗಿನ ಟಿವಿ

ಅತ್ತೆಯವರ ಭಜನಾ ಮಂಡಳಿಯ ಹಾಡು ಒಂದು ಚಾನೆಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರೋದಿತ್ತು. ಅದರಲ್ಲಿ ಒಂದು ಹಾಡು ಅತ್ತೆಯವರೊಬ್ಬರದ್ದೇ. ಎಂಟೂವರೆಗೆ ಮಂಡಳಿಯ ಉಳಿದ ಹನ್ನೆರಡು ಜನ ಹೆಂಗಸರೂ ರೇಷ್ಮೆ ಸೀರೆಯಲ್ಲಿ ಬಂದು ಕೂತರು. ಮನೆಯಲ್ಲಿ ಯಾರೂ ಯಾವತ್ತೂ ಆ ಚಾನೆಲ್ ನೋಡಿರಲಿಲ್ಲ. ಹಾಕಿದರೆ ಪರದೆ ಖಾಲಿ. ಡಿಶ್ಶಿನಲ್ಲಿ ಅರ್ಧ ಚಾನೆಲ್ಲಿಗೆ ಸ್ವಲ್ಪ ಹೆಚ್ಚು ಕರೆಂಟು ಬೇಕು. ಉಕ್ಕಿನ ತಂತಿಯಲ್ಲಿ ಅಷ್ಟುದ್ದ ಹತ್ತುವಷ್ಟರಲ್ಲಿ ಕರೆಂಟು ಸುಸ್ತು. ಅತ್ತೆಯವರ ಚಾನೆಲ್ಲು ಆ ಅರ್ಧದಲ್ಲಿತ್ತು.

ಅತ್ತೆಯವರು ಸೆರಗಿನ ತುದಿ ಹಿಂಡುತ್ತಾ ಕೂತರು. ನಾನು ಹೊರಗೆ ಓಡಿದೆ. ಗಾಡಿಯಲ್ಲಿದ್ದ ತಾಮ್ರದ ಕೇಬಲ್ ಹತ್ತೇ ಅಡಿ. ಡಿಶ್ಶನ್ನು ಕೆಳಗೆ ತರೋಕಾಗಲ್ಲ, ಟಿವಿಯನ್ನು ಮೇಲೆ ಒಯ್ಯಬಹುದಲ್ಲ.

ಸರಿ, ನಾನು ಟಿವಿ ಹೊತ್ತೆ, ಮಾವನವರು ಸೆಟ್‌ಟಾಪ್ ಪೆಟ್ಟಿಗೆ ಹಿಡಿದರು, ಹಿಂದೆ ರೇಷ್ಮೆ ಸೀರೆಗಳ ಸಾಲು. ಬೀದಿಯವರು ದಾರಿ ಬಿಟ್ಟು ಕೈ ಮುಗಿದರು. ಬೀದಿ ಕೊನೆಯ ಆ ಮನೆ ತಾರಸಿ ಮೇಲೆ ಚಿತ್ರ ಬಂತು, ಆದರೆ ಬಿಸಿಲಿಗೆ ಏನೂ ಕಾಣಲ್ಲ. ಮನೆಯೊಡತಿ ಜಮಖಾನ ಕೊಟ್ಟರು. ಟಿವಿ, ಹನ್ನೆರಡು ಹೆಂಗಸರು, ಅತ್ತೆ ಎಲ್ಲ ಅದರೊಳಗೆ. ಗಾಳಿಗೆ ಹಾರದ ಹಾಗೆ ಒಂದು ತುದಿ ನಾನು, ಇನ್ನೊಂದು ಮಾವನವರು ಹಿಡಿದು ಹೊರಗೆ ನಿಂತೆವು. ಒಳಗಿಂದ ಅತ್ತೆಯವರ ದನಿ ಎರಡು ಸಲ ಕೇಳಿತು, ಟಿವಿಯಲ್ಲಿ ಒಂದು, ಜೊತೆಗೆ ಹಾಡ್ತಿದ್ದದ್ದು ಒಂದು. ಮಾವನವರು ಇಣುಕಲು ನೋಡಿದರು. ಬೆಳಕು ಬರುತ್ತೆ, ಮುಚ್ಚಿ ಅಂತ ಹನ್ನೆರಡು ಜನವೂ ಗದರಿದರು.

ಎಲ್ಲರೂ ಇಳಿದ ಮೇಲೆ ಮಾವನವರು ನನ್ನ ತೋಳು ಹಿಡಿದು ಮೂಲೆಗೆ ಕರೆದರು. "ಮರುಪ್ರಸಾರ ಬುಧವಾರವಂತೆ. ಇವತ್ತು ನಾನು ನೋಡ್ಲೇ ಇಲ್ಲ. ತಾಮ್ರದ್ದೇ ಎಳೆದುಬಿಡಿ ಅಳಿಯಂದ್ರೇ. ಆದ್ರೆ ಬದಲಾಯಿಸಿದ್ದು ನಿಮ್ಮತ್ತೆಗೆ ಗೊತ್ತಾಗೋದು ಬೇಡ."

ಮಂಗಳವಾರ, ಅತ್ತೆಯವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಬದಲಾಯಿಸಿದೆ. ಬುಧವಾರ ಮಾವನವರು ಮೊದಲ ಸಾಲಿನಲ್ಲಿ ಕೂತು, ಹಾಡು ಮುಗಿಯೋವರೆಗೂ ಕಣ್ಣು ಮಿಟುಕಿಸಲಿಲ್ಲ. ಉಕ್ಕಿನ ಕೇಬಲ್ ಎಷ್ಟು ಚೆನ್ನಾಗಿ ಎಳೀತಿದೆ ನೋಡೇ ಅಂತ ಹೆಂಡತಿಗೂ ಹೇಳಿದರು. ಅತ್ತೆಯವರು ಹೌದೌದು ಅಂದು, ಕಾಫಿ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದರು. ಲೋಟ ಕೊಟ್ಟ ಕೈಯಲ್ಲೇ ಮಾವನವರ ಆಯಸ್ಕಾಂತ ಇತ್ತು.

"ಬೆಳಿಗ್ಗೇನೇ ಕೇಬಲ್ ಬಿಚ್ಚಿ ತಂತಿಗೆ ಹಿಡಿದು ನೋಡಿದೆ, ಅಂಟಲಿಲ್ಲ" ಅಂದರು. "ನಂಗೆ ಗೊತ್ತಾಗಿದ್ದು ಅವರಿಗೆ ಹೇಳ್ಬೇಡಿ. ಇದನ್ನ ಮೆಲ್ಲಗೆ ಅವರ ಜೇಬಿಗೆ ಹಾಕಿಬಿಡಿ."