ಅಪ್ಪನಿಗೆ ರಸ್ತೆ ನಿಯಮ ಕಲಿಸಿದ್ದು

ನಮ್ಮಪ್ಪನ ಕಾರಿನಲ್ಲಿ ಕೂತು ಬಂದವರು, ದೇವರನ್ನು ನಂಬದವರಾದರೂ ಸರಿ, ಇಳಿಯುವಾಗ ಒಮ್ಮೆ ಕೈ ಮುಗಿಯುತ್ತಾರೆ. ಅಪ್ಪ ದರ್ಜಿ. ಬಟ್ಟೆಯ ಮೇಲೆ ಕೂದಲೆಳೆಯಷ್ಟೂ ಗೆರೆ ತಪ್ಪದ ಮನುಷ್ಯನಿಗೆ ರಸ್ತೆಯ ಮೇಲೆ ಬಳಿದ ಗೆರೆ ಮಾತ್ರ ಕಾಣಿಸುವುದಿಲ್ಲ. (ಬಿಳಿ ಗೆರೆಯಲ್ಲವೇ, ಒಗೆದರೆ ಹೋಗುತ್ತದೆ ಎಂಬ ವೃತ್ತಿಪರ ನಂಬಿಕೆ ಇರಬೇಕು.)

ಆ ಕಾರಿನ ಮೇಲೆ ನನಗೆ ಚಿಕ್ಕಂದಿನಿಂದ ಆಸೆ. ಮಾಸಿದ ನೀಲಿ ಬಣ್ಣ, ಬಾಗಿಲು ಎಳೆದರೆ ಕೆಮ್ಮುವ ಚಾಳಿ. ಆದರೂ ಬೆಳಗಿನ ಬಿಸಿಲು ಗಾಜಿನ ಮೇಲೆ ಬಿದ್ದಾಗ ಅದು ಎಲ್ಲಿಗೋ ಹೊರಟು ನಿಂತ ಹಾಗೆ ಕಾಣುತ್ತಿತ್ತು. ಚಿಕ್ಕಪ್ಪನಿಗೂ ಅದರ ಮೇಲೆ ಕಣ್ಣು. ನಾನು ಕಾರು ಕಲಿಯುತ್ತೇನೆ ಎಂದಾಗ ಅಪ್ಪ ಕತ್ತರಿ ಕೆಳಗಿಡದೆಯೇ ತೀರ್ಪು ಕೊಟ್ಟರು.

"ಮೊದಲು ರಸ್ತೆ ನಿಯಮದ ಪರೀಕ್ಷೆ ಪಾಸು ಮಾಡು. ಅವತ್ತು ಸಂಜೆ ನಿನ್ನ ಚಿಕ್ಕಪ್ಪ ಬರ್ತಾನೆ. ಪಾಸಾದ್ರೆ ಕಾರು ನಿನಗೆ ಕಲಿಯೋಕೆ. ಫೇಲಾದ್ರೆ ಕೀಲಿ ಅವನ ಕೈಗೆ."

ಆ ರಾತ್ರಿ ರೋಮಾಂಚನದಲ್ಲಿ ಊಟ ಸೇರಲಿಲ್ಲ. ನಿಯಮಗಳ ಪುಸ್ತಕ ತಂದು, ಕಾಲೇಜಿನಲ್ಲಿ ಯಾವ ಪುಸ್ತಕವನ್ನೂ ಓದದಷ್ಟು ಪ್ರೀತಿಯಿಂದ ಓದಿದೆ. ಮುಂದೆ ತಿರುವಿದೆ, ಮುಂದೆ ಇಳಿಜಾರಿದೆ ಎಂದು ಯಾರಾದರೂ ಮೊದಲೇ ಹೇಳಿಬಿಡುವ ಲೋಕ ಎಷ್ಟು ಚೆಂದ! ಕಲಿತ ವಿದ್ಯೆ ಒಳಗೇ ಉಳಿದರೆ ಅಜೀರ್ಣ. ಹಾಗಾಗಿ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಹೊರಹಾಕತೊಡಗಿದೆ.

"ಅಪ್ಪಾ, ತಿರುಗೋವಾಗ ಇಂಡಿಕೇಟರ್ ಹಾಕ್ಲಿಲ್ಲ."

"ನಾನು ಎಲ್ಲಿಗೆ ಹೋಗ್ತೀನಿ ಅಂತ ಊರಿಗೆಲ್ಲ ಯಾಕೆ ಹೇಳ್ಬೇಕು?"

"ಮುಂದಿನ ಲಾರಿಗೆ ಇಷ್ಟು ಹತ್ರ ಹೋಗ್ಬಾರ್ದು."

"ಹತ್ರ ಹೋಗದೆ ಅದರ ಹಿಂದೆ ಏನು ಬರ್ದಿದೆ ಅಂತ ಓದೋದು ಹೇಗೆ?"

ಕೊನೆಗೆ ಒಂದು ಸಂಜೆ ಅಮ್ಮನೇ ಪುಸ್ತಕ ಕೈಗೆತ್ತಿಕೊಂಡಳು. ಗುಂಡಿ ಹೊಲಿಯುತ್ತಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿ, "ರೀ, ಈ ಕೆಂಪು ತ್ರಿಕೋನ ನೋಡಿದೀರಾ?" ಎಂದಳು.

"ನೋಡಿದೀನಿ."

"ಏನದು?"

"ರಸ್ತೆ ಪಕ್ಕ ಇರುತ್ತೆ."

"ಎಲ್ಲಾದ್ರೂ ಇರ್ಲಿ, ಅರ್ಥ ಏನು?"

"ಬೋರ್ಡ್ ಇದೆ ಅಂತ ಅರ್ಥ."

ಅಮ್ಮ ನಕ್ಕ ನಗೆಗೆ ಗುಂಡಿಯ ಡಬ್ಬಿ ಉರುಳಿತು. ಎಲ್ಲ ಪ್ರಶ್ನೆ ಮುಗಿಯುವಷ್ಟರಲ್ಲಿ ಅಪ್ಪ ಸಕಲ ವಿಷಯಗಳಲ್ಲೂ ಅನುತ್ತೀರ್ಣರಾಗಿದ್ದರು. ಕೊರಳಲ್ಲಿ ತೂಗುತ್ತಿದ್ದ ಅಳತೆ ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಮರುದಿನ ಪುಸ್ತಕ ಕಾಣೆ. ಹುಡುಕಿಕೊಂಡು ಅಂಗಡಿಗೆ ಹೋದರೆ, ಅಪ್ಪ ಅರ್ಧ ಹೊಲಿದ ಕೋಟಿನ ಮರೆಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. (ಮಿತಿ ಇರಬೇಕಿತ್ತು.)

ಪರೀಕ್ಷೆಯ ಬೆಳಿಗ್ಗೆ ಅಪ್ಪನೇ ನನ್ನನ್ನು ಕರೆದುಕೊಂಡು ಹೊರಟರು. ಬೆಲ್ಟ್ ಹಾಕಿದರು. ಕನ್ನಡಿ ಸರಿಪಡಿಸಿದರು. ಗೇಟು ದಾಟಲು ಇಂಡಿಕೇಟರ್ ಹಾಕಿದರು. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿದವು. ಆಮೇಲೆ ತಳ್ಳುಗಾಡಿಗಳೂ ಹಾಕಿದವು. ಪೇಟೆ ಬೀದಿಯ ಜೀಬ್ರಾ ಪಟ್ಟೆಯ ಅಂಚಿನಲ್ಲಿ ಒಬ್ಬರು ಅಜ್ಜಿ, ದಾಟುವ ಆಸೆಯನ್ನೇ ಬಿಟ್ಟವರಂತೆ ಕೊಡೆ ಊರಿಕೊಂಡು ನಿಂತಿದ್ದರು. ಅಪ್ಪ ಕಾರು ನಿಲ್ಲಿಸಿದರು. ಅಜ್ಜಿ ಅನುಮಾನದಿಂದ ನೋಡಿದರು. ಈ ಕಾರನ್ನು ಅವರು ಬಲ್ಲರು.

"ದಾಟಿ ಅಜ್ಜಿ," ಎಂದರು ಅಪ್ಪ, ತಲೆ ಹೊರಹಾಕಿ.

"ನೀನು ಮೊದಲು ಹೋಗಪ್ಪ. ನನಗೆ ಮೊಮ್ಮಕ್ಕಳಿದಾರೆ."

"ಇಲ್ಲ ಅಜ್ಜಿ, ಮೊದಲ ಹಕ್ಕು ನಿಮ್ಮದು."

ಅಜ್ಜಿ ಒಂದು ಕಾಲಿಟ್ಟು ಹಿಂದೆ ತೆಗೆದರು, ಮತ್ತೆ ಇಟ್ಟರು, ದಾಟಿದರು. ದರ್ಜಿಯ ಕಾರು ನಿಂತಿದೆ ಎಂಬ ಸುದ್ದಿ ಬೀದಿಯಲ್ಲಿ ಗಾಳಿಯಂತೆ ಹಬ್ಬಿತು. ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಯ ನೊರೆಯನ್ನು ಹಾಗೇ ಬಿಟ್ಟು ನೋಡಲು ಬಂದ. ಶಾಲೆಯ ಟೀಚರು ಮಕ್ಕಳ ಉದ್ದ ಸಾಲನ್ನು ಪಟ್ಟೆಗೆ ಇಳಿಸಿದರು. ಇಂಥ ಅವಕಾಶ ಮತ್ತೆಲ್ಲಿ ಎಂದು ಒಬ್ಬಾತ ಆ ಕಡೆಗೆ ದಾಟಿ, ಸುಮ್ಮನೆ ಈ ಕಡೆಗೆ ಮರಳಿ ಬಂದ.

"ಅಪ್ಪಾ, ಪರೀಕ್ಷೆಗೆ ಹೊತ್ತಾಯ್ತು! ಹಾರ್ನ್ ಹೊಡೀರಿ!"

"ದಾಟೋರಿಗೆ ಹಾರ್ನ್ ಹೊಡೀಬಾರ್ದು. ನೀನೇ ಪುಸ್ತಕದಲ್ಲಿ ಎರಡೆರಡು ಗೆರೆ ಎಳೆದಿದೀಯ."

"ಪುಸ್ತಕ ಹಾಳಾಗ್ಲಿ! ಸ್ವಲ್ಪ ನುಗ್ಗಿಸಿ, ಅವರೇ ಸರೀತಾರೆ! ಚಿಕ್ಕಪ್ಪ ಕಾರು ತಗೊಂಡು ಹೋಗ್ತಾರೆ!"

"ಹೋದ್ರೆ ಹೋಗ್ಲಿ. ನಿಯಮ ನಿಯಮಾನೇ."

ತಾಳಲಾರದೆ ನಾನೇ ಕೈಚಾಚಿ ಹಾರ್ನ್ ಒತ್ತಿಹಿಡಿದೆ. ಮಕ್ಕಳು ಅದನ್ನು ಅಭಿನಂದನೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಬಾಗಿಲು ಹಾಕುತ್ತಿದ್ದ ಜವಾನನ ತೋಳಿನ ಕೆಳಗೆ ನುಸುಳಿ ಪರೀಕ್ಷೆಯ ಕೋಣೆ ಸೇರಿದೆ. ಕಂಪ್ಯೂಟರಿನ ಪರದೆಯಲ್ಲಿ ಪ್ರಶ್ನೆಗಳು ಬಂದವು, ಉತ್ತರಗಳು ಹಾರಿಬಂದು ಕೂತವು. ಎದೆ ಹಗುರಾಯಿತು. ಕೊನೆಯ ಪ್ರಶ್ನೆ: ವಯಸ್ಸಾದವರೊಬ್ಬರು ಜೀಬ್ರಾ ಪಟ್ಟೆಯ ಮೇಲೆ ನಿಧಾನವಾಗಿ ದಾಟುತ್ತಿದ್ದಾರೆ, ನೀವೇನು ಮಾಡುತ್ತೀರಿ? ನನ್ನ ಬೆರಳು ಇನ್ನೂ ಕಾರಿನಲ್ಲೇ ಇತ್ತು. ಅದು ಹಿಂದುಮುಂದು ನೋಡದೆ 'ಜೋರಾಗಿ ಹಾರ್ನ್ ಮಾಡುತ್ತೇನೆ' ಎಂಬುದನ್ನು ಒತ್ತಿಬಿಟ್ಟಿತು. ಪರದೆ ಕೆಂಪಗಾಯಿತು, ನಾನೂ. ಆಮೇಲೆ ಹಸಿರು ಅಕ್ಷರ ಮೂಡಿತು: ಪಾಸು.

ಮನೆಯವರೆಗೂ ನಾನು ಕಾರಿನಲ್ಲಿ ಬಂದೆನೋ ಮೋಡದ ಮೇಲೆ ಬಂದೆನೋ ಗೊತ್ತಿಲ್ಲ.

"ಎಲ್ಲಾ ಸರಿಯಾಯ್ತಾ?" ಎಂದಳು ಅಮ್ಮ.

"ಒಂದು ತಪ್ಪಾಯ್ತು. ಏನೋ ಸಣ್ಣದು."

ಅಪ್ಪ ಸೂಜಿಗೆ ದಾರ ಪೋಣಿಸುವಾಗಿನ ಒಂಟಿಗಣ್ಣಿನಲ್ಲಿ ನನ್ನನ್ನೇ ನೋಡಿದರು.

ಸಂಜೆ ಚಿಕ್ಕಪ್ಪ ಬಂದರು, ಸುದ್ದಿ ಕೇಳಿದರು, ಮುಖ ಸಣ್ಣದು ಮಾಡಿಕೊಂಡರು. ಬಸ್ ನಿಲ್ದಾಣದವರೆಗೆ ನಾನೇ ಬಿಡುತ್ತೇನೆ ಎಂದೆ. "ಬೇಡಮ್ಮ. ಕಾರಂತೂ ಹೋಯ್ತು, ಜೀವನಾದ್ರೂ ಇರ್ಲಿ," ಎಂದು ನಡೆದೇ ಹೋದರು.

ಕಾರಿಗೆ ಕಲಿಯುವವರ ಕೆಂಪು 'ಎಲ್' ಅಕ್ಷರ ಅಂಟಿಸಿ, ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಸ್ಟೀರಿಂಗ್ ನನ್ನ ಕೈಯಲ್ಲಿ ಬೆಚ್ಚಗಿತ್ತು. ಇಷ್ಟು ವರ್ಷ ನೋಡಿದ ಅದೇ ಬೀದಿ ನನಗಾಗಿಯೇ ಹೊಸದಾಗಿ ಬಿಚ್ಚಿಕೊಳ್ಳುತ್ತಿತ್ತು.

"ಕನ್ನಡಿ," ಎಂದರು ಅಪ್ಪ.

"ನೋಡಿದೆ."

"ಕಣ್ಣು ನೋಡ್ತು, ನೀನು ನೋಡ್ಲಿಲ್ಲ. ಅಂತರ ಬಿಡು. ಇನ್ನೂ ಬಿಡು. ಟೇಪು ತೆಗೀಲಾ?"

ಜೀಬ್ರಾ ಪಟ್ಟೆ ಬಂತು. ಬೆಳಗಿನ ಅಜ್ಜಿ ಮನೆಗೆ ಮರಳುತ್ತಿದ್ದರು. ಅವರ ಹಿಂದೆ ಟೀಚರು, ಕೆಲವು ಮಕ್ಕಳು. ನೀಲಿ ಕಾರನ್ನು ಕಂಡದ್ದೇ ಎಲ್ಲರೂ ನಗುತ್ತಾ ಧೈರ್ಯವಾಗಿ ರಸ್ತೆಗಿಳಿದರು. ನಾನು ಒಂದಿಷ್ಟೂ ಕುಲುಕದೆ ನಿಲ್ಲಿಸಿದೆ. ಹೆಮ್ಮೆಯಿಂದ ಅಪ್ಪನ ಕಡೆ ತಿರುಗಿದೆ. ತಿರುಗುವಾಗ ಮೊಣಕೈ ತಗಲಿ ಹಾರ್ನ್ ಕೂಗಿತು.

"ಆ ಸಣ್ಣ ತಪ್ಪು ಇದೇ ತಾನೇ?" ಎಂದರು ಅಪ್ಪ ಮೆಲ್ಲಗೆ.

ಅಜ್ಜಿ ಪಟ್ಟೆಯ ನಡುವೆ ನಿಂತು ಒಳಗೆ ಇಣುಕಿದರು. ಕೆಂಪು ಅಕ್ಷರ ನೋಡಿದರು, ನನ್ನ ಮುಖ ನೋಡಿದರು. ಕೊಡೆ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದೆ ಹೋದರು. ಟೀಚರೂ ಮಕ್ಕಳೂ ಹಿಂಬಾಲಿಸಿದರು. ಅಂಚಿನಲ್ಲಿ ಭದ್ರವಾಗಿ ನಿಂತ ಮೇಲೆ ಅಜ್ಜಿ ಕೂಗಿ ಹೇಳಿದರು:

"ನೀನೇ ಮೊದಲು ಹೋಗಮ್ಮ. ನಿಮ್ಮಪ್ಪನಾದ್ರೆ ದಾಟ್ತಿದ್ದೆ."