ಮೇಸ್ತ್ರಿಯ ಕುರ್ಚಿಯಲ್ಲಿ ಕೊತ್ತಿ

ಅಧಿಕಾರ ಸಿಕ್ಕರೆ ತಲೆ ತಿರುಗುತ್ತದೆ ಎನ್ನುತ್ತಾರೆ. ನನಗೆ ಮಾತ್ರ ಕಾಲು ಊದಿತು. ಚಳ್ಳಕೆರೆಯ ಶೇಂಗಾ ಮಿಲ್ಲಿನಲ್ಲಿ ಬೀಜ ಹಸನು ಮಾಡುವ ಹೆಂಗಸರಿಗೆ ನನ್ನನ್ನು ಮೇಸ್ತ್ರಿ ಮಾಡಿದಾಗ ಸಾಹುಕಾರರು ಒಂದು ಕಬ್ಬಿಣದ ಕುರ್ಚಿಯನ್ನೂ ಕೊಟ್ಟಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವಳು, ಮೊಳಕಾಲ್ಮೂರಿನ ಮಗ್ಗದ ಮನೆಯ ಮಗಳು, ಕುರ್ಚಿಗೆ ತಕ್ಕವಳೇ ಎಂದು ನನಗೂ ಅನ್ನಿಸಿತ್ತು. ತೊಂದರೆ ಇಷ್ಟೇ: ಆ ಕುರ್ಚಿಯ ಎದುರಿಗೇ, ಗೋಡೆ ಕಡೆಯ ಸಾಲಿನಲ್ಲಿ, ಮೊರ ಹಿಡಿದು ನೆಲದ ಮೇಲೆ ನಮ್ಮತ್ತೆ ಕೂತಿದ್ದರು. ಅತ್ತೆ ನೆಲದ ಮೇಲಿರುವಾಗ ಸೊಸೆ ಕುರ್ಚಿ ಏರುವುದುಂಟೆ? ನಮ್ಮ ಮನೆತನದಲ್ಲಂತೂ ಇಲ್ಲ. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಮೇಸ್ತ್ರಿಕೆ ಮಾಡಿದೆ. ಖಾಲಿ ಕುರ್ಚಿಯಲ್ಲಿ, ಇಲಿ ಹಿಡಿಯಲೆಂದು ಸಾಕಿದ್ದ ಮಿಲ್ಲಿನ ಕೊತ್ತಿ ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ಹೊಸದಾಗಿ ಬಂದವರು ಯಾರು ಮೇಸ್ತ್ರಿ ಎಂದು ಕೇಳಿಯೇ ತಿಳಿಯಬೇಕಿತ್ತು.

ಅಷ್ಟರಲ್ಲಿ ಬೀಜದಲ್ಲಿ ಕಲ್ಲಿದೆಯೆಂದು ಒಂದು ಲೋಡು ವಾಪಸು ಬಂತು. "ನೋಡವ್ವ, ಇನ್ನೊಂದ್ಸಲ ಹಿಂಗಾದ್ರೆ ಹಳೇ ಮೇಸ್ತ್ರಿನೇ ಕರೆಸ್ತೀನಿ" ಅಂದರು ಸಾಹುಕಾರರು. ಹಳೇ ಮೇಸ್ತ್ರಿ ಹಾಜರಿಯನ್ನೂ ಬೈಗುಳದಲ್ಲೇ ಹಾಕುತ್ತಿದ್ದ ಮಹಾನುಭಾವ. ಅವನು ಬಂದರೆ ನನ್ನ ಕೆಲಸವಷ್ಟೇ ಅಲ್ಲ, ಎಲ್ಲರ ಮಾನವೂ ಹೋದಂತೆ. ಚೆನ್ನಾಗಿ ಹಸನು ಮಾಡಿ ಎಂದು ಹೆಂಗಸರಿಗೆ ಹೇಳಿದೆ. ಬಾಯಿಗೆ ಬೀಗವಿಲ್ಲದ ಹನುಮಕ್ಕ, "ಮೊದ್ಲು ನಿಮ್ಮತ್ತೆ ಮೊರ ನೋಡವ್ವ, ಆಮ್ಯಾಕೆ ನಮ್ದು" ಅಂದಳು. ನೋಡಿದ್ದೆ, ಅವರ ಮೊರದಲ್ಲೇ ಕಲ್ಲು ಜಾಸ್ತಿ. ಆದರೆ ಸಾರಿಗೆ ಉಪ್ಪು ಕಮ್ಮಿ ಎಂದು ದಿನವೂ ನನಗೆ ಹೇಳುವವರಿಗೆ, ಮೊರದಲ್ಲಿ ಕಲ್ಲಿದೆ ಎಂದು ಹೇಳುವ ಎದೆ ಯಾರಿಗಿದೆ?

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಮಾಡಲಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ಕುರ್ಚಿಯ ಕಡೆ ತಿರುಗಿದೆ. "ಏನೇ ಕೊತ್ತಿ, ಬರೀ ನಿದ್ದೆ ಮಾಡ್ತೀಯಾ? ಗೋಡೆ ಕಡೆ ಸಾಲಿನಾಗೆ ಕಲ್ಲು ಉಳ್ದೈತೆ, ಕಣ್ಣಿಗೆ ಕಾಣಲ್ವೇನೇ?"

ಮೊರಗಳ ಸದ್ದು ನಿಂತಿತು. ಅತ್ತೆ ತಲೆ ಎತ್ತದೆ, "ಏ ಕೊತ್ತಿ, ನಿಮ್ಮ ಮೇಸ್ತ್ರಿಗೆ ಹೇಳು. ಕಿಟಕಿಗೆ ಅಡ್ಡ ಚೀಲ ಒಟ್ಟವ್ರೆ, ಈ ಕಡೆ ಬರೀ ಕತ್ಲು. ನಿನ್ ಕಣ್ಣು ಕತ್ಲಾಗೂ ಕಾಣ್ತಾವೆ, ನಮ್ಮವು ಕಾಣಲ್ಲ" ಅಂದರು.

ಇಡೀ ಸಾಲು ಗೊಳ್ಳೆಂದಿತು. ಹನುಮಕ್ಕನೂ, "ಕುಡಿಯೋ ನೀರು ದೂರ ಐತೆ ಅಂತಾನೂ ಹೇಳೇ ಕೊತ್ತಿ" ಅಂದಳು. ಒಬ್ಬೊಬ್ಬರೂ ಹೊಟ್ಟೆಯಲ್ಲಿದ್ದುದನ್ನು ಕೊತ್ತಿಯ ಮುಂದೆ ಕಕ್ಕಿದರು. ಅದು ಒಂದು ಕಣ್ಣು ತೆರೆದು ಮತ್ತೆ ಮುಚ್ಚಿಕೊಂಡಿತು. ಕೇಳಿಸಿಕೊಂಡವಳು ನಾನು. ಹಮಾಲರು ಚೀಲ ನಾಳೆ ಎತ್ತುತ್ತೇವೆ ಅಂದರು. ನಾಳೆ ಯಾಕೆ ಎಂದು ನಾವೇ ಕೈ ಹಾಕಿದೆವು. ಒಂದು ತುದಿ ಅತ್ತೆ, ಇನ್ನೊಂದು ತುದಿ ನಾನು, ನಡುವೆ ಹನುಮಕ್ಕನ ಬಾಯಿ. ಕಿಟಕಿ ತೆರೆಯಿತು. ಕಣ್ಣು ಮಂಜಾದ ಹಿರಿಯರನ್ನು ಬೆಳಕಿಗೆ ಕೂರಿಸಿದೆ, ನೀರಿನ ಕೊಡ ಹತ್ತಿರ ಇಡಿಸಿದೆ.

ಮತ್ತೆ ಹಸನು ಮಾಡಿದ ಆ ಲೋಡು ಹೋಯಿತು, ವಾಪಸು ಬರಲಿಲ್ಲ. ಸಾಹುಕಾರರೇ ಬಂದು "ಏನು ಮಾಡಿದ್ರವ್ವ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ಮ ಸೊಸೆ ಕಣ್ರೀ ಅವಳು" ಅಂದರು. ಕೊತ್ತಿಗಲ್ಲ, ನೇರವಾಗಿ ಅವರಿಗೇ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಊದಿದ ಕಾಲು ಮರೆತೇ ಹೋಯಿತು. ಅತ್ತೆ ಎದ್ದು ಕೊತ್ತಿಯನ್ನು ಓಡಿಸಿ, ಸೆರಗಿನಿಂದ ಕುರ್ಚಿ ಒರೆಸಿದರು. "ಕುಂತ್ಕಳವ್ವ. ಇಲ್ಲಿ ಕುಂತ್ಕ. ಮನ್ಯಾಗಲ್ಲ."

ಈಗ ಅತ್ತೆಯಿಲ್ಲ. ನನ್ನ ಸೊಸೆ ನಮ್ಮ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ತಂಡ ಕಟ್ಟುವುದು ಹೇಗೆಂದು ನಾನೇ ಅವಳಿಗೆ ಕಲಿಸಿದವಳೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಮೊನ್ನೆ ಸಭೆಗೆ ತಡವಾಗಿ ಹೋಗಿ ಚಾಪೆಯ ತುದಿಯಲ್ಲಿ ಕೂತೆ. ಅವಳು ನನ್ನನ್ನು ನೋಡಲೂ ಇಲ್ಲ. ಗೋಡೆಯ ಗಡಿಯಾರ ನೋಡಿ, "ಏನಪ್ಪಾ ಗಡಿಯಾರ, ಹಿರಿಯರೇ ಲೇಟಾಗಿ ಬಂದ್ರೆ ಉಳಿದೋರಿಗೆ ನಾನೇನು ಹೇಳ್ಲಿ?" ಅಂದಳು.

ಪಾಪ, ಅವರ ಸಂಘದಲ್ಲಿ ಕೊತ್ತಿಯಿಲ್ಲ.