ದೇವರ ಗೂಡಿನ ಪ್ಲೇಟುಗಳು

ಉಜ್ಜನಪ್ಪ ಹೆಂಡತಿಗೆ ಹೇಳಿದ್ದು ಒಂದೇ ಒಂದು ಸುಳ್ಳು. ಮದರಾಸಿಗೆ ಹೋಗಿ ತಾನೇ ಬರೆದು ಹಾಡಿದ ಆರು ಹಾಡುಗಳು ಮೂರು ಗ್ರಾಮಾಫೋನ್ ಪ್ಲೇಟುಗಳಾಗಿ ಪೆಟ್ಟಿಗೆಯಲ್ಲಿ ಮನೆಗೆ ಬಂದಾಗ, "ಎಲ್ಲಾ ಭಕ್ತಿಗೀತೆ" ಅಂದುಬಿಟ್ಟ. ಜಗದಾಂಬಾ ಪೆಟ್ಟಿಗೆಗೆ ವಿಭೂತಿ ಹಚ್ಚಿ, ದೇವರ ಗೂಡಿನಲ್ಲಿಟ್ಟು, ದಿನಾ ಹೂವೇರಿಸತೊಡಗಿದಳು. ಪುಣ್ಯಕ್ಕೆ ಮನೆಯಲ್ಲಿ ಗ್ರಾಮಾಫೋನ್ ಇರಲಿಲ್ಲ.

ಏಕೆಂದರೆ ಮೊದಲ ಹಾಡೇ ಹೀಗಿತ್ತು:

"ಮುಂಜಾನೆ ಉಪ್ಪಿಟ್ಟು, ಮುಸ್ಸಂಜೆ ಉಪ್ಪಿಟ್ಟು,
ಜಗದಾಂಬಾ, ಒಂದು ದಿನ ರಜ ಕೊಟ್ಟುಬಿಡು!"

ಹಾಡು ಹುಚ್ಚೆದ್ದು ಓಡಿತು. ಭದ್ರಾವತಿಯ ಹೋಟೆಲುಗಳಲ್ಲಿ, ಶಿವಮೊಗ್ಗದ ಕ್ಷೌರದಂಗಡಿಗಳಲ್ಲಿ ಅದೇ. ಉಜ್ಜನಪ್ಪನ ಮನೆಯಿದ್ದ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಗಂಡಸರು ಮಾತ್ರ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಅವರಿಗೂ ಬೆಳಿಗ್ಗೆ ಅದೇ ತಿಂಡಿ.

ಅಂದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಜಗದಾಂಬಾಳ ಅಕ್ಕ ವಸಂತಮ್ಮನ ಮಗಳ ಮದುವೆ. ಹೋಳಿಗೆ ನೆನೆದೇ ಉಜ್ಜನಪ್ಪನ ಬಾಯಲ್ಲಿ ನೀರೂರುತ್ತಿತ್ತು. ಹೊರಡುವಾಗ ನೋಡಿದರೆ ಹೆಂಡತಿಯ ಕಂಕುಳಲ್ಲಿ ಪೆಟ್ಟಿಗೆ!

"ಅದ್ಯಾಕೆ ಮಾರಾಯ್ತಿ?"

"ಮಂಗಳಕಾರ್ಯ ಕಣ್ರೀ. ಮೈಕ್ ಸೆಟ್ಟಿನಲ್ಲಿ ನಿಮ್ಮ ಭಕ್ತಿಗೀತೆ ಹಾಕಿಸ್ತೀನಿ. ನಮ್ಮೋರೆಲ್ಲ ಕೇಳ್ಲಿ."

ಬಸ್ಸಿನಲ್ಲಿ ಉಜ್ಜನಪ್ಪ ಪೆಟ್ಟಿಗೆಯನ್ನು ಉಪಾಯವಾಗಿ ಇಸಿದುಕೊಂಡು ಸೀಟಿನ ಮೇಲಿಟ್ಟ. ರಸ್ತೆಯಲ್ಲೊಂದು ಹಳ್ಳ ಬಂದದ್ದೇ ತಡ, ಎದ್ದವನು "ಶಿವಾ" ಎನ್ನುತ್ತಾ ಅದರ ಮೇಲೇ ಕೂತ. ಒಳಗೆ ಹಪ್ಪಳ ಮುರಿದಂಥ ಸದ್ದಾಯಿತು. ತನ್ನ ಹಾಡನ್ನು ತಾನೇ ಪುಡಿ ಮಾಡಿದೆನಲ್ಲಾ ಎಂದು ಕಣ್ಣು ತುಂಬಿ ಬಂತು. ಆದರೆ ಜೀವಕ್ಕೆ ಹಾಯೆನಿಸಿತು.

ಜಗದಾಂಬಾ ಶಿವಮೊಗ್ಗದವರೆಗೂ ಅತ್ತಳು. ಚಪ್ಪರದಲ್ಲಿ ಮೈಕ್ ಸೆಟ್ಟಿನ ಮೂರ್ತಪ್ಪನ ಮುಂದೆಯೂ ಅತ್ತಳು. ಮೂರ್ತಪ್ಪನಿಗೆ ಪೇಟೆಯಲ್ಲಿ ಪ್ಲೇಟುಗಳ ಅಂಗಡಿಯೂ ಇತ್ತು.

"ಅಳಬೇಡಿ ತಾಯಿ, ನನ್ನ ಹತ್ರ ಇದೇ ಪ್ಲೇಟುಗಳ ಇನ್ನೊಂದು ಸೆಟ್ಟಿದೆ! ಉಜ್ಜನಪ್ಪನವ್ರೇ ಬಂದಿರೋವಾಗ ಬಿಡ್ತೀನಾ? ನಾಲ್ಕೂ ಹಾರ್ನಿಗೆ ಕೊಡ್ತೀನಿ!"

"ಬೇಡ ಮೂರ್ತಪ್ಪ, ನಿನ್ನ ದಮ್ಮಯ್ಯ..."

"ಇಷ್ಟೊಂದು ನಾಚಿಕೆ ಒಳ್ಳೇದಲ್ಲ ಸ್ವಾಮಿ!" ಎಂದು ಮೂರ್ತಪ್ಪ ಮುಳ್ಳು ಇಳಿಸಿಯೇಬಿಟ್ಟ.

ಹೊಸಮನೆಯ ಬೀದಿಬೀದಿಗೂ ಉಪ್ಪಿಟ್ಟು ಹರಡಿತು. ಬೀಗರು ಚಪ್ಪಾಳೆ ತಟ್ಟಿದರು, ಅಡುಗೆಯವರು ಸೌಟು ಹಿಡಿದೇ ಬಂದು ದನಿಗೂಡಿಸಿದರು. ಜಗದಾಂಬಾ ಮಾತ್ರ ಕಲ್ಲಾಗಿ ನಿಂತಿದ್ದಳು.

"ನಿನ್ನ ಹೆಸರೇ ಕಣೇ!" ಎಂದು ವಸಂತಮ್ಮ ಬಿದ್ದು ಬಿದ್ದು ನಕ್ಕಳು.

ಕಂಬದ ಹಿಂದೆ ಅಡಗಿದ್ದ ಉಜ್ಜನಪ್ಪನನ್ನು ಜನ ಎಳೆತಂದರು. ಮೂರ್ತಪ್ಪ ಹಾರ ಹಾಕಿ ಮೈಕಿನಲ್ಲೇ ಕೂಗಿದ: "ಇಂಥಾ ವ್ಯಾಪಾರ ನಾನು ಕಂಡೇ ಇಲ್ಲ! ಕಂಪನಿಯೋರು ಹೊಸ ಹಾಡಿನ ಎರಡನೇ ಸೆಟ್ಟು ಕೇಳ್ತಿದಾರೆ!"

ಜನ ಕೇಕೆ ಹಾಕಿದರು. ಜಗದಾಂಬಾ ಹತ್ತಿರ ಬಂದಳು. ಉಜ್ಜನಪ್ಪ ಕಣ್ಣು ಮುಚ್ಚಿಕೊಂಡ.

"ಇಷ್ಟೆಲ್ಲಾ ನನ್ನ ಉಪ್ಪಿಟ್ಟಿಂದ ಆಯ್ತೇನ್ರೀ?"

"ಹೂಂ... ತಪ್ಪಾಯ್ತು."

"ತಪ್ಪೇನು ಬಂತು?" ಎಂದವಳು ಹೆಮ್ಮೆಯಿಂದ ಗಂಡನ ಹಾರ ಸರಿಪಡಿಸಿದಳು.

ಉಜ್ಜನಪ್ಪ ಗೆದ್ದ! ಇಷ್ಟು ದಿನದ ಭಯವೆಲ್ಲ ಒಮ್ಮೆಗೇ ಇಳಿದು, ಹೊಟ್ಟೆ ಚುರುಗುಟ್ಟಿತು. ಹಾರ ಹಾಕಿಕೊಂಡೇ ಪಂಕ್ತಿಯಲ್ಲಿ ಕೂತ. ತುಪ್ಪದಲ್ಲಿ ಮಿಂದ ಹೋಳಿಗೆ ಅವನ ಎಲೆಯವರೆಗೂ ಬಂತು. ಅಷ್ಟರಲ್ಲಿ ಹಿಂದಿನಿಂದ ಬಳೆಯ ಕೈಯೊಂದು ಅಡ್ಡ ಬಂತು.

"ಇವರಿಗೆ ಬಡಿಸಬೇಡಿ. ಹೋಳಿಗೆ ತಿಂದ್ರೆ ಹಾಡು ಹುಟ್ಟುತ್ತಾ? ಎರಡನೇ ಸೆಟ್ಟು ಬರೀಬೇಕು ಇವ್ರು. ವಸಂತಕ್ಕಾ, ರವೆ ಡಬ್ಬ ಎಲ್ಲಿದೆ?"